ಒಂದು ತೆಕ್ಕೆ ಒಣಹುಲ್ಲು

ಮಾಗಿಯ ಚಳಿ ಇನ್ನೂ ಓಣಿ ಬಿಟ್ಟಿರಲಿಲ್ಲ. ಚನ್ನಪಟ್ಟಣದ ಆ ಓಣಿಯಲ್ಲಿ ಹೊತ್ತು ಮೂಡುವ ಮೊದಲೇ ಕೆಲಸ ಹತ್ತಿಕೊಳ್ಳುತ್ತಿತ್ತು. ಲೇತಿನಲ್ಲಿ ಆಲೆಮರದ ತುಂಡು ಗಿರ್ರೆಂದು ತಿರುಗುತ್ತಿತ್ತು. ಅರಗಿನ ಕಡ್ಡಿ ತಾಗಿದ ಕಡೆ ಮರಕ್ಕೆ ಬಣ್ಣ ಹತ್ತುತ್ತಿತ್ತು. ಆ ಲೇತಿನ ಕೆಳಗೆ, ಸುರುಳಿ ಸುರುಳಿ ಹೊಟ್ಟಿನ ರಾಶಿಯೊಳಗೆ, ನಮ್ಮವ್ವ ತನ್ನ ಎದೆಯ ತುಪ್ಪಳ ಕಿತ್ತು ಹಾಸಿ ನನ್ನನ್ನು ಹೆತ್ತಳು.

ನಾನು ಒಂದು ಮೊಲ. ಮೈಯೆಲ್ಲ ಬಿಳಿ, ಒಂದು ಕಿವಿ ಮಾತ್ರ ಬೂದಿ ಬಣ್ಣ. ಕಣ್ಣು ತೆರೆದಾಗ ಮೊದಲು ಕಂಡದ್ದು ಬೊಂಬೆ ಕೆಲಸದ ಜವರಯ್ಯನ ಪಾದ. ಅವನ ಹೆಬ್ಬೆರಳಿನ ಉಗುರಿಗೆ ಯಾವಾಗಲೂ ಹಳದಿ ಅರಗು ಮೆತ್ತಿರುತ್ತಿತ್ತು. ಕಾರಣವಿಲ್ಲದೆ ನಾನು ಇದ್ದಲ್ಲೇ ಗಿರಕಿ ಹೊಡೆಯುತ್ತಿದ್ದೆನಾದ್ದರಿಂದ ಅವನು ನನಗೆ ಬುಗುರಿ ಎಂದು ಹೆಸರಿಟ್ಟ. ಬೊಂಬೆಗಳನ್ನು ಪೆಟ್ಟಿಗೆಗೆ ತುಂಬುವಾಗ ಒಂದಕ್ಕೊಂದು ತಾಗದಿರಲೆಂದು ಅವರು ಒಣಹುಲ್ಲು ಸೇರಿಸುತ್ತಿದ್ದರು. ಆ ಹುಲ್ಲೇ ನನ್ನ ಊಟ. ದಿನವಿಡೀ ಕಡಿಯುತ್ತಿದ್ದೆ. ಅದು ಬಲು ರುಚಿಯೆಂದು ನನಗೂ ಅನ್ನಿಸಿರಲಿಲ್ಲ, ಅದರಿಂದಲೇ ನಾನು ಬದುಕಿದ್ದೇನೆಂದು ಯಾರಿಗೂ ಗೊತ್ತಿರಲಿಲ್ಲ. ಕೈಗೆಟುಕುತ್ತಿತ್ತು, ತಿನ್ನುತ್ತಿದ್ದೆ.

ಜವರಯ್ಯನ ಮಗಳು ಸುಗುಣ. ಅವಳು ಬೊಂಬೆಗಳಿಗೆ ಕಣ್ಣು ಬರೆಯುವವಳು. ಕೆಲಸ ಮುಗಿದ ಮೇಲೆ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು, ಹಗಲೆಲ್ಲ ಯಾರಿಗೂ ಹೇಳದ ಮಾತನ್ನು ನನ್ನ ಬೂದಿ ಕಿವಿಗೆ ಹೇಳುತ್ತಿದ್ದಳು. ಮರುವರ್ಷ ಅವಳ ಮದುವೆಯಾಯಿತು. ಗಂಡು ಮರಿಸ್ವಾಮಿ, ರೇಷ್ಮೆ ಬೆಳೆಯುವ ಹಳ್ಳಿಯವನು. ಮಡಿಲಕ್ಕಿ ಕಟ್ಟಿಸಿಕೊಂಡು ಅವಳು ವ್ಯಾನು ಹತ್ತಿದಾಗ ಜವರಯ್ಯ ಒಳಕ್ಕೆ ಹೋಗಿ ನನ್ನನ್ನೆತ್ತಿ ತಂದು ಅವಳ ಮಡಿಲಿಗೆ ಹಾಕಿ ಹಿಂದಕ್ಕೆ ಸರಿದು ನಿಂತ.

"ಹೆಣ್ಣಿನ್ ಕಡೆಯೋರು ಬೀಗರೂಟಕ್ಕೂ ಜೊತೇಲೇ ಕಳಿಸವ್ರೆ ಕಣ್ಲಾ" ಎಂದ ಗಂಡಿನ ಕಡೆಯ ಒಬ್ಬ. ವ್ಯಾನಿನವರೆಲ್ಲ ನಕ್ಕರು. ಸುಗುಣ ನಗಲಿಲ್ಲ. ಅವಳ ಕೈ ನನ್ನ ಬೆನ್ನ ಮೇಲೆ ಬಿಗಿಯಾಯಿತು.

ಹೊಸ ಮನೆಯ ಸುತ್ತ ಎಲ್ಲಿ ನೋಡಿದರೂ ಹಿಪ್ಪುನೇರಳೆ. ಮನೆಗೆ ಅಂಟಿದಂತೆ ರೇಷ್ಮೆಹುಳ ಸಾಕುವ ಹುಳುಮನೆ. ಅದರ ಜಗಲಿಯ ಮೇಲೆ ನನ್ನ ವಾಸ. ರೇಷ್ಮೆಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಅನ್ನುತ್ತಾರೆ. ಹಳೆಯದಾದ ಎರಡು ಚಂದ್ರಿಕೆಗಳನ್ನು ಗೋಡೆಗೆ ಸೇರಿಸಿ ನಿಲ್ಲಿಸಿ ನನಗೊಂದು ಮನೆ ಮಾಡಿದರು. ಒಳಗೆ ಹುಳಗಳು ಸೊಪ್ಪು ತಿನ್ನುವ ಸದ್ದು ಒಣಗಿದ ಎಲೆಯ ಮೇಲೆ ಹನಿ ಬಿದ್ದ ಹಾಗೆ ಕೇಳುತ್ತಿತ್ತು. ತಿನ್ನುವುದನ್ನೇ ಬದುಕು ಮಾಡಿಕೊಂಡ ಇಷ್ಟೊಂದು ಬಾಯಿ ಪಕ್ಕದಲ್ಲೇ ಇದೆಯಲ್ಲ ಎಂದು ನನಗೂ ಧೈರ್ಯವಾಗುತ್ತಿತ್ತು.

ಮನೆಯ ಯಜಮಾನಿಕೆ ಮರಿಸ್ವಾಮಿಯ ತಾಯಿ ಚಿಕ್ಕತಾಯಮ್ಮನದು. ನೆಲಕ್ಕೆ ಬಡಿಯುವ ಅಗಲ ಪಾದ, ಹಿಮ್ಮಡಿಯಲ್ಲಿ ಸದಾ ಸುಣ್ಣದ ಪುಡಿ. ಹುಳುಮನೆಯೊಳಗೆ ಅವಳು ಹೇಳಿದ್ದೇ ಕಟ್ಟಲೆ. ಕಾಲು ತೊಳೆದು, ಹೊಸಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿಯದೆ ಯಾರೂ ಒಳಗೆ ಬರುವಂತಿರಲಿಲ್ಲ. ಹುಳಕ್ಕೆ ಹೊಗೆಸೊಪ್ಪಿನ ಗಾಳಿ ಸೋಕಿದರೂ ವಿಷ. ವರ್ಷಗಳ ಹಿಂದೆ ಒಂದು ಬೆಳೆ ಪೂರ್ತಿ ಹುಳ ಕಕ್ಕಿಕೊಂಡು ಸತ್ತಿತ್ತಂತೆ. ಆವತ್ತು ಹುಳ ಆಯಲು ಬಂದಿದ್ದ ಓರಗಿತ್ತಿ ಹೊಂಬಾಳಮ್ಮ ಸೊಂಟದ ಎಲೆಚೀಲದಲ್ಲಿ ಹೊಗೆಸೊಪ್ಪು ಇಟ್ಟುಕೊಂಡೇ ಒಳಗೆ ಬಂದಿದ್ದಳೆಂದು ಚಿಕ್ಕತಾಯಮ್ಮ ಹತ್ತು ಜನರ ಎದುರು ಅಂದಳು. ಇಲ್ಲವೆಂದು ಹೊಂಬಾಳಮ್ಮ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಎರಡೂ ಮನೆಗಳ ನಡುವೆ ಇದ್ದದ್ದು ಒಂದು ಮೋಟು ಗೋಡೆ ಮಾತ್ರ.

ಚಿಕ್ಕತಾಯಮ್ಮ ನನ್ನನ್ನು ಸೊಸೆಯ ತವರಿನ ನೆಂಟನಂತೆ ನಡೆಸಿದಳು. ಒಣಹುಲ್ಲು ಹಾಕಿದರೆ ಬೀಗರು ನಾಳೆ ಏನಂದಾರು ಎಂಬುದು ಅವಳ ಯೋಚನೆ. ಚಾಕಿ ಹುಳಕ್ಕೆ, ಅಂದರೆ ಆಗಷ್ಟೇ ಮೊಟ್ಟೆಯೊಡೆದ ಮರಿಗಳಿಗೆ, ಮೀಸಲಾದ ಎಳೆಯ ಕುಡಿಯನ್ನೇ ಮುರಿದು ತಂದು ಹಾಕುತ್ತಿದ್ದಳು. ಮೇಲೊಂದು ಬಾಳೆಹಣ್ಣು. ಹಬ್ಬದಲ್ಲಿ ಬೆಲ್ಲದಚ್ಚು. ನಾನೂ ಬಿಡಲಿಲ್ಲ. ಬಾಯಿಗೆ ಸಿಹಿಯಾದದ್ದು ಹೊಟ್ಟೆಗೂ ಸಿಹಿಯೆಂದು ನಂಬಿದೆ.

ಶಿವರಾತ್ರಿ ಕಳೆದು ಬಿಸಿಲು ಏರಿತು. ನನ್ನ ಮೈಯ ಚಳಿಗಾಲದ ತುಪ್ಪಳ ಕಿತ್ತು ಬರತೊಡಗಿತು. ನೆಕ್ಕಿ ನೆಕ್ಕಿ ಮೈ ಸರಿಮಾಡಿಕೊಳ್ಳುವುದು ನಮ್ಮ ಕುಲದ ಪದ್ಧತಿ. ನೆಕ್ಕಿದ್ದೆಲ್ಲ ಒಳಗೆ ಹೋಯಿತು. ಒಂದು ಬೆಳಿಗ್ಗೆ ಎದ್ದರೆ ಹೊಟ್ಟೆಯೊಳಗೆ ಲೇತು ನಿಂತುಹೋದ ಹಾಗೆ. ಏನೂ ತಿರುಗುತ್ತಿರಲಿಲ್ಲ. ಕುಡಿಯ ವಾಸನೆಗೇ ಮುಖ ಆ ಕಡೆಗಾಯಿತು. ಬೆನ್ನು ಗೂನು ಮಾಡಿ, ತಲೆಯೆತ್ತಿ, ಹಲ್ಲು ಕಚ್ಚಿ ಕೂತೆ. ನಮಗೆ ನರಳುವ ಬಾಯಿಲ್ಲ. ನೋವನ್ನು ಮುಚ್ಚಿಟ್ಟುಕೊಂಡು ಕೂರುವುದೊಂದೇ ಗೊತ್ತು.

ಸುಗುಣ ಕಂಡು ಗಾಬರಿಯಾದಳು. ಅತ್ತೆ ಬಂದು ಬಗ್ಗಿ ನೋಡಿದಳು. ಉದುರಿದ ತುಪ್ಪಳ ನೋಡಿದಳು, ಎತ್ತಿದ ತಲೆ ನೋಡಿದಳು, ಮುಟ್ಟದ ಸೊಪ್ಪು ನೋಡಿದಳು. ಅವಳ ಮುಖ ಹಗುರವಾಯಿತು. ಅವಳ ಮಟ್ಟಿಗೆ ಇದು ದಿನಾ ಕಾಣುವ ಸಂಗತಿ. ರೇಷ್ಮೆಹುಳ ಪೊರೆ ಬಿಡುವ ಮುಂಚೆ ಹೀಗೇ ತಲೆಯೆತ್ತಿ ನಿಲ್ಲುತ್ತದೆ. ತಿನ್ನುವುದಿಲ್ಲ, ಹಿಕ್ಕೆ ಹಾಕುವುದಿಲ್ಲ, ಅಲುಗುವುದಿಲ್ಲ. ಆಗ ಸೊಪ್ಪು ಕೊಡಬಾರದು, ತಟ್ಟೆ ಅಲುಗಿಸಬಾರದು, ಜೋರಾಗಿ ಮಾತೂ ಆಡಬಾರದು. ಪೊರೆ ಕಳಚಿದ ಹುಳ ಎರಡರಷ್ಟು ಹಸಿದು ಏಳುತ್ತದೆ.

"ತಿನ್ದೆ ಕೂತ ಜೀವಾನ ಮುಟ್ಬಾರ್ದು ಕಣವ್ವ" ಎಂದಳು ಮೆತ್ತಗೆ. "ಮೈ ಬುಡ್ತಾ ಅದೆ. ಎದ್ದದ್ದೇ ತಿಂತದೆ, ನೋಡ್ತಿರು."

ಸುಗುಣ ಆ ಮನೆಗೆ ಹೊಸಬಳು. ಹುಳದ ವಿದ್ಯೆ ಅತ್ತೆಯ ಕೈಯಲ್ಲಿ ಎಷ್ಟಿದೆಯೆಂದು ಕಂಡಿದ್ದಳು. ಮುಟ್ಟದ ಸೊಪ್ಪನ್ನು ಎತ್ತಿಕೊಂಡು ಹಿಂದಕ್ಕೆ ಸರಿದಳು. ಚಿಕ್ಕತಾಯಮ್ಮ ನನ್ನ ಗೂಡಿಗೆ ಗೋಣಿತಾಟು ಇಳಿಬಿಟ್ಟು ಕತ್ತಲೆ ಮಾಡಿದಳು. ಜಗಲಿಯ ಮೇಲೆ ಯಾರೂ ಸದ್ದು ಮಾಡಬಾರದೆಂದು ಮಗನಿಗೂ ಹೇಳಿದಳು. ಅಷ್ಟು ಪ್ರೀತಿಯಿಂದ ನನ್ನನ್ನು ಸಾಯಲು ಬಿಟ್ಟರು. ಆ ಹಗಲು ಹೋಯಿತು. ಕಿವಿ ತಣ್ಣಗಾಯಿತು. ತಾಟಿನ ಸಂದಿನಲ್ಲಿ ಸುಗುಣಳ ಪಾದ ಮತ್ತೆ ಮತ್ತೆ ಬಂದು ನಿಂತು ಹೋಗುತ್ತಿದ್ದುದು ಕಾಣುತ್ತಿತ್ತು.

ಮರುದಿನ ಹುಳಗಳಿಗೆ ಮಧ್ಯಾಹ್ನದ ಸೊಪ್ಪಿನ ಹೊತ್ತು. ಹುಳ ಕಡೆಯ ಹಂತದಲ್ಲಿತ್ತು, ಎಷ್ಟು ಹಾಕಿದರೂ ಸಾಲದು. ಎಲ್ಲರ ತಲೆಯ ಮೇಲೂ ಹೊರೆ. ಸುಗುಣ ತನ್ನ ಹೊರೆಯನ್ನು ಜಗಲಿಯ ಮೇಲೆ ಇಳಿಸಿ ತಾಟು ಸರಿಸಿದಳು. ನಾನು ಒಂದು ಪಕ್ಕಕ್ಕೆ ವಾಲಿದ್ದೆ. ಅವಳು ನನ್ನನ್ನೆತ್ತಿಕೊಂಡು ಹುಳುಮನೆಯ ಹೊಸಿಲಿಗೆ ಹೋಗಿ ನಿಂತಳು. ಕಾಲು ತೊಳೆದಿರಲಿಲ್ಲ.

"ಅತ್ತೆ, ಇದು ಹುಳ ಅಲ್ಲ."

ಒಳಗೆ ಸೊಪ್ಪು ಹರಡುತ್ತಿದ್ದ ಕೈ ನಿಂತಿತು. ಚಿಕ್ಕತಾಯಮ್ಮ ಎದ್ದು ಬಂದು, ಸೆರಗಿಗೆ ಕೈಯೊರೆಸಿ, ಮೊದಲ ಸಲ ನನ್ನ ಹೊಟ್ಟೆಯಡಿಗೆ ಅಂಗೈ ಕೊಟ್ಟಳು. ನನ್ನ ಹೊಟ್ಟೆ ಆರಿದ ಮುದ್ದೆಯ ಹಾಗಿತ್ತು. ಅವಳು ಸೊಸೆಯ ಮುಖ ನೋಡಲಿಲ್ಲ. ಗಾಡಿ ತೆಗೆಯುವಂತೆ ಮಗನನ್ನು ಕೂಗಿದಳು. ಹುಳಕ್ಕೆ ಸೊಪ್ಪು ತಡವಾಗ್ತದಲ್ಲವ್ವ ಎಂದು ಅವನು ತಡವರಿಸಿದ.

"ಹುಳ ಒಂದೊತ್ತು ಹಸ್ಕೊಂಡ್ರೆ ಸಾಯಕ್ಕಿಲ್ಲ. ಇದು ಸಾಯ್ತದೆ. ತಗಿ ಗಾಡಿ."

ಸುಗುಣಳೂ ಗಾಡಿಯ ಹಿಂದೆ ಹತ್ತಿದಳು, ಆದರೆ ನನ್ನನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಕೂತದ್ದು ಚಿಕ್ಕತಾಯಮ್ಮನೇ. ದನದಾಸ್ಪತ್ರೆಯ ಡಾಕ್ಟರು ಒಬ್ಬ ಹೆಣ್ಣುಮಗಳು. ಹೊಟ್ಟೆಯ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದಳು. ಕೇಳಬೇಕಾದ ಸದ್ದು ಒಳಗಿರಲಿಲ್ಲ. ನೋವಿಗೊಂದು, ಕರುಳು ಮತ್ತೆ ನಡೆಯಲೆಂದೊಂದು ಸೂಜಿ ಕೊಟ್ಟಳು. ಚರ್ಮದಡಿಗೆ ನೀರು ಹಾಕಿದಳು. ಕರುಳು ಪೂರ್ತಿ ಕಟ್ಟಿಕೊಂಡಿಲ್ಲ, ನಿಧಾನವಾಗಿದೆ, ಆದರೆ ಮೊಲದ ಕರುಳು ನಿಲ್ಲುವಂತಿಲ್ಲ, ಒಂದು ಹೊತ್ತು ತಿನ್ನದಿದ್ದರೂ ಓಡಿ ಬರಬೇಕು ಎಂದಳು. ಏನು ಹಾಕುತ್ತೀರಿ ಎಂದು ಕೇಳಿದಳು. ಚಿಕ್ಕತಾಯಮ್ಮ ಕುಡಿ, ಬಾಳೆಹಣ್ಣು, ಬೆಲ್ಲ ಎಂದು ಹೇಳುತ್ತಾ ಹೋದಂತೆ ಅವಳ ದನಿ ಸಣ್ಣದಾಯಿತು. ಅವೆಲ್ಲ ನಿಲ್ಲಿಸಿ, ಬೆಚ್ಚಗಿಡಿ, ಹೊಟ್ಟೆಯನ್ನು ಹಗುರವಾಗಿ ನೀವಿ, ಸೂಜಿಯಿಲ್ಲದ ಪಿಚಕಾರಿಯಲ್ಲಿ ತೆಳುವಾದ ಗಂಜಿಯನ್ನು ಬಾಯಿಯ ಪಕ್ಕದಿಂದ ಒಂದೊಂದೇ ತೊಟ್ಟು ಕೊಡಿ. ಎಲ್ಲಕ್ಕಿಂತ ಮುಖ್ಯ ಒಣಹುಲ್ಲು, ಔಷಧಿ ಹೊಡೆಯದ ಹುಲ್ಲು ಬೇಕು ಎಂದಳು ಡಾಕ್ಟರು.

ಮನೆಯ ಹಸುಗಳನ್ನು ಮಾರಿ ಇದ್ದ ನೆಲಕ್ಕೆಲ್ಲ ಹಿಪ್ಪುನೇರಳೆ ಹಾಕಿದ್ದರು. ಊರಿನ ಬದುಗಳಿಗೆಲ್ಲ ಕಳೆಯ ಔಷಧಿ ಬಿದ್ದಿತ್ತು. ಈಗಲೂ ಕುಡುಗೋಲು ಹಿಡಿದು ಬದುವಿನ ಹುಲ್ಲು ಕೊಯ್ದು ಒಣಗಿಸಿ, ಒಂದೇ ಒಂದು ಹಸು ಸಾಕಿಕೊಂಡಿದ್ದವಳು ಹೊಂಬಾಳಮ್ಮ. ಅದು ಗಾಡಿಯಲ್ಲಿ ಕೂತ ಮೂವರಿಗೂ ಗೊತ್ತಿತ್ತು. ನಾನು ಹೋಗಿ ಕೇಳಲಾ ಎಂದಳು ಸುಗುಣ, ಊರ ಬಾಗಿಲಿಗೆ ಬಂದಾಗ. ಚಿಕ್ಕತಾಯಮ್ಮ ಮನೆಯ ಮುಂದೆ ತಾನೇ ಗಾಡಿ ಇಳಿದು, ನನ್ನನ್ನು ಹಿಡಿದುಕೊಂಡೇ ಮೋಟು ಗೋಡೆಯ ಹತ್ತಿರ ಹೋದಳು.

ಆಚೆ ಹೊಂಬಾಳಮ್ಮ ಸಗಣಿ ತಟ್ಟುತ್ತಿದ್ದಳು. ಸೊಂಟದಲ್ಲಿ ಅದೇ ಎಲೆಚೀಲ. ಈ ಕಡೆ ಚಿಕ್ಕತಾಯಮ್ಮನದು ಇಷ್ಟು ವರ್ಷ ಆಡದ ಬಾಯಿ. ಗೋಡೆಯ ಮೇಲೆ ಸೆರಗು ಬಿಚ್ಚಿ ನನ್ನನ್ನು ತೋರಿಸಿದಳು, ಅಷ್ಟೆ. ಹೊಂಬಾಳಮ್ಮ ನನ್ನ ವಾಲಿದ ಕಿವಿ ನೋಡಿ, ಅವಳ ಮುಖ ನೋಡಿ, ಸಗಣಿ ಕೈಯಲ್ಲೇ ಎದ್ದಳು. ಸೊಸೆಯ ತವರಿನದು, ಹೊಟ್ಟೆ ನಿಂತದೆ, ಒಣಹುಲ್ಲು ಬೇಕಂತೆ ಎಂದಷ್ಟೇ ಹೇಳಿದಳು ಚಿಕ್ಕತಾಯಮ್ಮ.

ಹೊಂಬಾಳಮ್ಮ ಕೈ ತೊಳೆದು, ಬಣವೆಯ ಮೇಲುಹುಲ್ಲು ಸರಿಸಿ, ಒಳಗಿನಿಂದ ಹಸಿರು ಮಾಸದ ಹುಲ್ಲನ್ನು ಒಂದು ತೆಕ್ಕೆ ಎಳೆದು ತಂದು ಗೋಡೆಯ ಮೇಲಿಟ್ಟಳು.

"ಮುಯ್ಯಿ ಉಳಿಸ್ಕೊಳಾಕಿಲ್ಲ ನಾನು" ಎಂದಳು ಚಿಕ್ಕತಾಯಮ್ಮ.

"ಹುಲ್ಲಿಗೆ ಹುಲ್ಲು ಎಲ್ಲಿಂದ ತಂದೀಯೆ ನೀನು? ಹೋಗು, ಮೊದ್ಲು ತಿನ್ನಿಸು."

ಆಮೇಲಿನ ಹೊತ್ತೆಲ್ಲ ಅತ್ತೆ ಸೊಸೆ ಸರದಿಯಲ್ಲಿ ನನ್ನ ಪಕ್ಕ ಕೂತರು. ಒಬ್ಬರು ಹುಳುಮನೆಗೆ ಹೋದರೆ ಒಬ್ಬರು ಜಗಲಿಗೆ. ಸುಗುಣ ಪಿಚಕಾರಿ ಹಿಡಿಯುವಳು. ಬೊಂಬೆಗೆ ಕಣ್ಣು ಬರೆದ ಕೈ, ಒಂದು ತೊಟ್ಟೂ ಹೆಚ್ಚಾಗದು. ಚಿಕ್ಕತಾಯಮ್ಮ ಹೊಟ್ಟೆ ನೀವುವಳು. ಗೂಡು ಕಟ್ಟಲು ಹಣ್ಣಾದ ಹುಳವನ್ನು ಚರ್ಮ ಹರಿಯದಂತೆ ಎತ್ತಿ ಎತ್ತಿ ಹದವಾದ ಬೆರಳುಗಳು ಅವು. ಆ ಬೆರಳಿನ ಬಿಸಿ ನನ್ನ ಒಳಗಿನ ಗಂಟನ್ನು ಎಲ್ಲೋ ಒಂದು ಕಡೆ ಹುಡುಕಿ ಹಿಡಿಯಿತು. ಒಮ್ಮೆ, ಸೊಸೆ ಒಳಗಿದ್ದಾಗ, "ನಂಗೆ ಗೊತ್ತಿದ್ದದ್ದು ಒಂದೇ ವಿದ್ಯೆ ಕಣ್ಲಾ ಬುಗುರಿ" ಎಂದಳು.

ಬೆಳಕು ಹರಿಯುವಾಗ ಹೊಟ್ಟೆಯೊಳಗೆ ಏನೋ ಗುಡುಗಿತು. ಹುಲ್ಲಿನ ಒಂದು ಎಳೆ ನನ್ನ ಮೂಗಿನ ಮುಂದಿತ್ತು. ಅದಕ್ಕೆ ಚನ್ನಪಟ್ಟಣದ ಪೆಟ್ಟಿಗೆಗಳ ವಾಸನೆಯಿತ್ತು. ಕಡಿದೆ. ಮತ್ತೊಂದು ಕಡಿದೆ. ಬಿಸಿಲು ಜಗಲಿಗೆ ಬಂದಾಗ ಹಿಕ್ಕೆ ಬಿತ್ತು. ನುಂಗಿದ ತುಪ್ಪಳದ ಎಳೆಯಲ್ಲಿ ಒಂದಕ್ಕೊಂದು ಪೋಣಿಸಿಕೊಂಡು ಬಿತ್ತು. ಹುಳದ ಹಿಕ್ಕೆ ನೋಡಿಯೇ ಬೆಳೆಯ ಆರೋಗ್ಯ ಹೇಳುವ ಚಿಕ್ಕತಾಯಮ್ಮ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಹೊರಳಿಸಿ ನೋಡಿದಳು. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಬಾರೇ ಇಲ್ಲಿ, ನಿನ್ ಬುಗುರಿ ನಿಂಗೆ ಸರ ಪೋಣಿಸವ್ನೆ."

ಸುಗುಣ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. ಆ ಮನೆಗೆ ಬಂದ ಮೇಲೆ ಅವಳು ಸದ್ದು ಬರುವಂತೆ ನಕ್ಕದ್ದು ಅದೇ ಮೊದಲು.

ನಾನು ಗೆಲುವಾಗುವ ಹೊತ್ತಿಗೆ ಹುಳ ಹಣ್ಣಾಯಿತು. ಹಣ್ಣಾದ ಹುಳದ ಮೈ ಬೆಳಕು ತೂರುವಷ್ಟು ತಿಳಿಯಾಗುತ್ತದೆ. ಆಗ ತಡಮಾಡದೆ ಆಯ್ದು ಚಂದ್ರಿಕೆಗೆ ಬಿಡಬೇಕು. ಅಕ್ಕಪಕ್ಕದ ಹೆಂಗಸರನ್ನೆಲ್ಲ ಮುಯ್ಯಾಳು ಕರೆಯುವುದು ಊರಿನ ಪದ್ಧತಿ. ಇವತ್ತು ಇವರ ಮನೆಯ ಕೆಲಸಕ್ಕೆ ಅವರು, ನಾಳೆ ಅವರ ಮನೆಯದಕ್ಕೆ ಇವರು. ಚಿಕ್ಕತಾಯಮ್ಮ ಹೊಸಿಲಲ್ಲಿ ನಿಂತು ಮೋಟು ಗೋಡೆಯ ಕಡೆ ನೋಡಿದಳು. ಆಮೇಲೆ ಸೊಸೆಗೆ ಹೇಳಿದಳು.

"ಹೋಗಿ ನಿಮ್ ದೊಡ್ಡತ್ತೇನ ಕರಿ. ಹುಳ ಆಯಕ್ಕೆ ಬರ್ಬೇಕಂತೆ ಅನ್ನು."

ಹೊಂಬಾಳಮ್ಮ ಬಂದಳು. ಆಯುತ್ತಿದ್ದ ಹೆಂಗಸರೆಲ್ಲ ತಲೆಯೆತ್ತಿ ನೋಡಿದರು. ಅವಳು ಕಾಲು ತೊಳೆದಳು. ಸುಣ್ಣದ ಮೇಲೆ ಕಾಲಿಟ್ಟಳು. ಸೊಂಟದಿಂದ ಎಲೆಚೀಲ ಬಿಚ್ಚಿ, ಎಲ್ಲರಿಗೂ ಕಾಣುವ ಹಾಗೆ, ನನ್ನ ಗೂಡಿನ ಮೇಲಿನ ಮೊಳೆಗೆ ನೇತುಹಾಕಿದಳು.

"ಅವತ್ತೂ ಹಿಂಗೇ ಬಿಚ್ಚಿಟ್ಟು ಬಂದಿದ್ದೆ ಕಣೆ ಚಿಕ್ಕಿ" ಎಂದಳು.

ಚಿಕ್ಕತಾಯಮ್ಮ ಕೂತಲ್ಲೇ ಪಕ್ಕಕ್ಕೆ ಸರಿದು, ತನ್ನ ತಟ್ಟೆಯ ಮುಂದೆ ಜಾಗ ಬಿಟ್ಟಳು. ಹೊಂಬಾಳಮ್ಮ ಅಲ್ಲಿ ಕೂತಳು. ಹುಲ್ಲಿನ ಮುಯ್ಯಿ ಅಲ್ಲಿಗೆ ತೀರಿತು.

ಈಗ ನನಗೆ ಮುಪ್ಪು. ಒಂದು ಕಣ್ಣಿಗೆ ಪೊರೆ ಬಂದಿದೆ, ಗಿರಕಿ ಹೊಡೆಯುವುದಂತೂ ಎಂದೋ ಬಿಟ್ಟುಹೋಯಿತು. ಹುಳುಮನೆಗೆ ಪ್ಲಾಸ್ಟಿಕ್ಕಿನ ಚಂದ್ರಿಕೆಗಳು ಬಂದಿವೆ. ಬಿದಿರಿನವು ಉಳಿದಿರುವುದು ನನ್ನ ಗೂಡಿನವು ಮಾತ್ರ. ಮೊಳೆಯೂ ಇದೆ. ಹುಳ ಹಣ್ಣಾದಾಗಲೆಲ್ಲ ಅದರಲ್ಲಿ ಎಲೆಚೀಲ ತೂಗುತ್ತದೆ. ಗೋಡೆಯ ಆ ಕಡೆಯಿಂದ ಹುಲ್ಲು ಬರುವುದು ನಿಂತಿಲ್ಲ.

ತೀರದೆ ಉಳಿದದ್ದು ನನ್ನ ಮುಯ್ಯಿ. ನೀವಿದ ಬೆರಳಿಗೆ, ಒಂದೊಂದೇ ತೊಟ್ಟು ಕೊಟ್ಟ ಕೈಗೆ ನಾನು ಏನು ಕೊಟ್ಟೇನು? ಚಿಕ್ಕತಾಯಮ್ಮನಿಗೂ ಈಗ ಕಣ್ಣು ಮಂಜು. ಹಿಕ್ಕೆ ಕಾಣುವುದಿಲ್ಲ. ಆದರೂ ದಿನಾ ಸಂಜೆ ಗೋಡೆ ಹಿಡಿದು ಬಂದು, ನನ್ನ ಪಕ್ಕ ಕಾಲು ಚಾಚಿ ಕೂತು, ಉಸಿರು ಬಿಗಿಹಿಡಿದು ಕಿವಿಗೊಡುತ್ತಾಳೆ. ಅವಳು ಏನು ಕೇಳಲು ಕೂತಿದ್ದಾಳೆಂದು ನನಗೆ ಗೊತ್ತು. ಹಸಿವಿದ್ದರೂ ಇಲ್ಲದಿದ್ದರೂ ಒಂದು ಒಣ ಎಳೆ ಹುಡುಕಿ ಎಳೆದುಕೊಂಡು, ಅವಳಿಗೆ ಕೇಳಿಸುವಷ್ಟು ಜೋರಾಗಿ ಕಡಿಯುತ್ತೇನೆ.