ಕೈಯಾಡಿಸಬಾರದ ಪಾತ್ರೆ

ಅರ್ಧ ಆಯುಷ್ಯವನ್ನು ಹೋಟೆಲಿನ ಒಲೆಯ ಮುಂದೆ ಸವೆಸಿದ ಅಡುಗೆಯವನಿಗೆ, ಒಲೆಯ ಮೇಲಿರುವ ಪಾತ್ರೆ ಮುಟ್ಟಬೇಡ ಎನ್ನುವುದು ಬೆಕ್ಕಿನ ಮುಂದೆ ಹಾಲಿಟ್ಟು ನೀತಿ ಹೇಳಿದ ಹಾಗೆ. ಬೀದಿಯವರೆಲ್ಲ ಸೌಟಪ್ಪ ಎಂದೇ ಕರೆಯುವ ಆ ಮಹಾಶಯನಿಗೆ ಹೆಂಡತಿ ಅಂದು ಅದನ್ನೇ ಹೇಳಿದಳು.

“ರೀ, ಒಳಗಿರೋದು ಉಣ್ಣೆ, ಅಡುಗೆಯಲ್ಲ. ಈರುಳ್ಳಿ ಸಿಪ್ಪೆ ನೀರಲ್ಲಿ ಸಣ್ಣ ಉರೀಲಿ ಸುಮ್ನೆ ಬಣ್ಣ ಕುಡೀಬೇಕು. ಕೈಯಾಡಿಸಿದ್ರೆ ಗಂಟುಗಟ್ಟಿ ಕಂಬಳಿ ಆಗುತ್ತೆ, ನೂಲೋಕೆ ಬರಲ್ಲ.”

“ನಾನ್ಯಾಕೆ ಮುಟ್ಲಿ?”

“ಸಾಯಂಕಾಲ ಅಕ್ಕ ನೋಡೋಕೆ ಬರ್ತಾಳೆ. ಹುಟ್ಟಿದಾಗಿಂದ ಅವಳ ಬಾಯಲ್ಲಿ ಒಂದು ಭೇಷ್ ಕೇಳಿಲ್ಲ ನಾನು. ಇವತ್ತು ಕೇಳ್ಬೇಕು.”

ಅದು ಸೌಟಪ್ಪನಿಗೂ ಗೊತ್ತು. ಅತ್ತಿಗೆ ನೂಲುವುದರಲ್ಲಿ ಎತ್ತಿದ ಕೈ, ಮೊಸರಲ್ಲಿ ಕಲ್ಲು ಹುಡುಕುವುದರಲ್ಲಿ ಇನ್ನೂ ಮೇಲು. ತನ್ನ ಕುರಿಯ ಉಣ್ಣೆಯನ್ನು ತಂಗಿಗೆ ಕೊಡುವಾಗಲೇ “ಹಾಳು ಮಾಡ್ತೀಯ, ಗೊತ್ತು” ಎಂದಿದ್ದಳು.

ಬಡಗಿಯ ಹತ್ತಿರ ರಿಪೇರಿಗೆ ಬಿಟ್ಟ ರಾಟೆ ತರಲು ಹೆಂಡತಿ ಹೊರಟಳು. ಸೌಟಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ. ಪಾತ್ರೆ ಸದ್ದೇ ಮಾಡಲಿಲ್ಲ. ಸದ್ದು ಮಾಡದ ಪಾತ್ರೆ ತಳ ಹಿಡಿಯುತ್ತಿರುತ್ತದೆ, ಇದು ಅವನ ಕಸುಬಿನ ಮೊದಲ ಪಾಠ. ಪಾಪ, ಹೆಂಡತಿಯ ಉಣ್ಣೆ ಸೀದುಹೋದರೆ? ಒಮ್ಮೆ ಕೈಯಾಡಿಸಿದ. ಒಮ್ಮೆ ಆಡಿಸಿದ ಮೇಲೆ ಮುಳುಗಿದವನಿಗೆ ಚಳಿಯೇನು? ಉರಿ ಜೋರು ಮಾಡಿ ಗರಗರ ತಿರುಗಿಸಿದ. ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿದ. ಒಂದು ಚಮಚ ಉಪ್ಪು ಹಾಕಿದ. ಕುದಿ ಉಕ್ಕಿ ಬಂದಾಗ ಒಂದು ಚೊಂಬು ತಣ್ಣೀರು ಸುರಿದ.

ಸೌಟು ಎತ್ತಿದರೆ ಉಣ್ಣೆಯೆಲ್ಲ ಒಂದೇ ಮುದ್ದೆಯಾಗಿ, ಪಾತ್ರೆಯ ತಳದ ಆಕಾರದಲ್ಲೇ ಮೇಲೆ ಬಂತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಎಲ್ಲಿ ಬಚ್ಚಿಡುವುದು? ತಣ್ಣೀರಲ್ಲಿ ಅದ್ದಿ ಹಿಂಡಿ, ಬೋಳುತಲೆಗೆ ಕವುಚಿಕೊಂಡು ಬಾಗಿಲು ತೆರೆದ. ದಾರಿಯಲ್ಲಿ ಸಿಕ್ಕ ಅಕ್ಕತಂಗಿಯರು ರಾಟೆಯ ಸಮೇತ ಜೊತೆಗೇ ನಿಂತಿದ್ದರು. ಸೌಟಪ್ಪನ ಕಿವಿಗಳಿಂದ ಹೊಂಬಣ್ಣದ ನೀರು ತೊಟ್ಟಿಕ್ಕುತ್ತಿತ್ತು.

ಹೆಂಡತಿಯ ಕಣ್ಣು ತುಂಬಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. 

ಅತ್ತಿಗೆ ಅವನ ತಲೆಯಿಂದ ಅದನ್ನು ಕಿತ್ತು, ಬೆಳಕಿಗೆ ಹಿಡಿದು ನೋಡಿದಳು.

“ಇದನ್ನ ಯಾವ ರಾಟೇಲೂ ನೂಲೋಕಾಗಲ್ಲ,” ಎಂದಳು. ಆಮೇಲೆ ತಂಗಿಯ ಕಡೆ ತಿರುಗಿ, “ಆದ್ರೆ ಬಣ್ಣ! ನನ್ನ ಕೈಲೂ ಇಷ್ಟು ಚೆನ್ನಾಗಿ ಬಂದಿಲ್ಲ ಕಣೇ. ಭೇಷ್! ಏನು ಹಾಕಿದೆ?”

“ಸಿಪ್ಪೆ, ಪಟಿಕ... ಅಷ್ಟೇ ಅಕ್ಕ.”

ಸೌಟಪ್ಪನಿಗೆ ಸುಮ್ಮನಿರಲಾಗಲಿಲ್ಲ. “ಒಂದು ಚಮಚ ಉಪ್ಪು ನಂದು ಅತ್ತಿಗೆ. ರುಚಿ ನೋಡ್ದೆ, ಸಪ್ಪೆ ಇತ್ತು.”

ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು. ನಗಲು ಶುರು ಮಾಡಿದ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕುಳಿತುಬಿಟ್ಟಳು. ಹೋಗುವಾಗ ಆ ಟೋಪಿಯನ್ನು ತಾನೇ ಹಾಕಿಕೊಂಡು ಹೋದಳು.

ಮುಂದಿನ ಸಲ ಉಣ್ಣೆಗೆ ಬಣ್ಣ ಹಾಕುವಾಗ ಹೆಂಡತಿ ಎರಡು ಒಲೆ ಹಚ್ಚಿದಳು. ಒಂದರ ಮೇಲೆ ಉಣ್ಣೆ, ಇನ್ನೊಂದರ ಮೇಲೆ ಬರೀ ನೀರು. ಗಂಡನ ಕೈಗೆ ಸೌಟು ಕೊಟ್ಟು, “ಇದನ್ನ ಎಷ್ಟು ಬೇಕಾದ್ರೂ ಕೈಯಾಡಿಸ್ಕೊಳ್ಳಿ,” ಎಂದಳು.

ಸೌಟಪ್ಪ ಮನಸಾರೆ ನೀರು ತಿರುಗಿಸಿದ. ಸ್ವಲ್ಪ ಹೊತ್ತಿನ ಮೇಲೆ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ಮುಖ ಸಿಂಡರಿಸಿದ.

“ಲೇ, ಉಪ್ಪು ಎಲ್ಲಿಟ್ಟಿದ್ದೀಯ?”