ಬಾಗಿಲ ಹೊರಗಿಟ್ಟ ಡಬ್ಬಿ

ಡಬ್ಬಿಯನ್ನು ಯಾರೋ ತೊಳೆದಿದ್ದರು. ಒಳಗೂ ಹೊರಗೂ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ನಮ್ಮ ಕೋಣೆಯ ಬಾಗಿಲ ಪಕ್ಕ ಬೋರಲು ಹಾಕಿದ್ದರು. ಅದರ ಮೇಲೆ ದಾರಿಗೆಂದು ಕಾಗದದಲ್ಲಿ ಸುತ್ತಿದ ನಾಲ್ಕು ಬಿಸ್ಕತ್ತು.

ನಿನ್ನೆ ರಾತ್ರಿ ಮಲಗುವಾಗ ಆ ಡಬ್ಬಿಯಲ್ಲಿ ನನ್ನ ಗಂಡ ಇದ್ದರು.

ಅವರು ಮೂವತ್ತು ವರ್ಷ ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದವರು. ಎಷ್ಟೋ ಬಂದರು ಕಂಡವರಿಗೆ ಅದೇಕೋ ಈ ಒಂದು ಬಂದರಿನ ಮೇಲೆ ಪ್ರಾಣ. "ಸುಟ್ಟ ಮೇಲೆ ನನ್ನನ್ನು ಅಲ್ಲಿಯ ನೀರಿಗೆ ಬಿಡು. ಕರಂಡಕ ಗಿರಂಡಕ ಬೇಡ, ನನ್ನ ಹಳೇ ತಗಡಿನ ಡಬ್ಬಿ ಸಾಕು" ಎಂದು ಕೊನೆಯ ವಾರ ನನ್ನಿಂದ ಮಾತು ತೆಗೆದುಕೊಂಡಿದ್ದರು. ನಲವತ್ತೆರಡು ವರ್ಷದ ಸಂಸಾರದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದಕ್ಕೇ ನಾನೂ ನಾದಿನಿಯೂ ವಿಮಾನ ಹತ್ತಿ ಬಂದಿದ್ದೆವು. ಇವತ್ತು ಹನ್ನೊಂದಕ್ಕೆ ದೋಣಿ, ಸಂಜೆಗೆ ವಾಪಸು ವಿಮಾನ.

ನಾವು ಇಳಿದುಕೊಂಡಿದ್ದು ನನ್ನದೇ ವಯಸ್ಸಿನ ಒಬ್ಬಾಕೆಯ ಮನೆಯಲ್ಲಿ. ಮೇಲಿನ ಕೋಣೆ ಬಾಡಿಗೆಯವರಿಗೆ; ಕೆಳಗೆ ಆಕೆ ಮತ್ತು ಮೂರು ಬೆಕ್ಕು. ನನ್ನ ಮಂಡಿನೋವು ನೋಡಿ, ಕೇಳದೆಯೇ ಮೆಟ್ಟಿಲ ತಿರುವಿನಲ್ಲಿ ಒಂದು ಸ್ಟೂಲು ಇಟ್ಟಿದ್ದರು. ಬಂದ ದಿನವೇ ಮನೆಯ ಕಟ್ಟಳೆ ಹೇಳಿದ್ದರು: ಕೋಣೆ ಬೆಚ್ಚಗಿಡುವ ಕಟ್ಟಿಗೆ ಒಲೆಯ ಬೂದಿಯನ್ನು ಅಲ್ಲಿರುವ ತಗಡಿನ ಡಬ್ಬಿಗೆ ತುಂಬಿ ರಾತ್ರಿ ಬಾಗಿಲ ಹೊರಗಿಡಬೇಕು. ಬೆಳಗಿನ ಆರಕ್ಕೆ ಅದನ್ನು ಒಯ್ದು, ಬೆಕ್ಕುಗಳು ಬಹಿರ್ದೆಸೆಗೆ ಹೋಗುವ ತಟ್ಟೆಗಳಿಗೆ ಹರಡುತ್ತಾರೆ. ಮರಳು ಕೊಳ್ಳುವ ರಗಳೆಯಿಲ್ಲ, ವಾಸನೆಯೂ ಇಲ್ಲ.

ಆಕೆ ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನಾದಿನಿ ಬೀದಿಯಲ್ಲಿ ಸೂಟ್‌ಕೇಸ್ ಕಾಯುತ್ತಿದ್ದಳು. ಬೂದಿ ಬಾಚುವವಳು ನಾನೇ ಆದ್ದರಿಂದ ಅವಳಿಗೆ ಹೇಳುವ ಪ್ರಮೇಯ ಬರಲಿಲ್ಲ.

ನಾದಿನಿಗೆ ಅವಳದೇ ಕಟ್ಟಳೆ. ಅಸ್ಥಿಯನ್ನು ಮಲಗುವ ಕೋಣೆಯೊಳಗೆ ಇಡಬಾರದು. ಎರಡು ರಾತ್ರಿ ಅದನ್ನು ಬಟ್ಟೆಚೀಲದಲ್ಲಿ ಹಾಕಿ ಹೊರಗಿನ ಮೊಳೆಗೆ ನೇತುಹಾಕಿದ್ದಳು. ಮೂರನೆಯ ರಾತ್ರಿ, ನಾನು ಮಲಗಿದ ಮೇಲೆ, ಬೆಕ್ಕೊಂದು ಜಿಗಿದು ಚೀಲ ಹರಿಯಿತಂತೆ. ಚೀಲ ಹೊಲಿಯಲು ಒಳಗೆ ತಂದವಳು ಡಬ್ಬಿಯನ್ನು ಹೊಸಿಲಾಚೆ ಇಟ್ಟಳು. ಒಲೆಬೂದಿಯ ಡಬ್ಬಿಯ ಪಕ್ಕದಲ್ಲೇ.

"ಅತ್ತಿಗೆ, ಅಣ್ಣ ಎಲ್ಲಿ?" ಅವಳು ಹಿಂದಿನಿಂದ ಕೇಳಿದಳು. ಕೈಯಲ್ಲಿ ಹೊಲಿದ ಚೀಲ.

ನಾನು ಬೋರಲು ಡಬ್ಬಿಯನ್ನು ಎತ್ತಿ ಒಳಗೆ ಬೆರಳಾಡಿಸಿದೆ.

"ಇದನ್ನ ಯಾರು ತೊಳೆದಿದ್ದು? ಮಾತಾಡಿ ಅತ್ತಿಗೆ."

"ಬೆಕ್ಕಿಗೆ," ಎಂದೆ.

"ಬೆಕ್ಕಿಗೇನು?"

"ಬೆಕ್ಕಿನ ತಟ್ಟೆಗೆ ಹಾಕಿದಾರೆ ಕಣೇ."

ಅವಳು ನನ್ನನ್ನೇ ನೋಡಿದಳು. "ಅಣ್ಣನ್ನಾ?"

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಸ್ಟೂಲು ಉರುಳಿದ ಸದ್ದು ಮಾತ್ರ ನೆನಪಿದೆ. ಹಿತ್ತಿಲ ಜಗಲಿಯಲ್ಲಿ ಮೂರು ತಟ್ಟೆ ಸಾಲಾಗಿದ್ದವು. ಮೊದಲನೆಯದರಲ್ಲಿ ಹಳದಿ ಬೆಕ್ಕು ಮುಂಗಾಲಿನಿಂದ ಬೂದಿ ಕೆದರಿ, ಬಹಳ ಗಂಭೀರವಾಗಿ ಕುಕ್ಕರಿಸಿತು. ಬೆಕ್ಕು ಅಡ್ಡ ಬಂದರೆ ಮನೆಗೆ ವಾಪಸಾಗಿ, ನೀರು ಕುಡಿದು ಮತ್ತೆ ಹೊರಡುತ್ತಿದ್ದ ಮನುಷ್ಯ ನನ್ನ ಗಂಡ.

ನಾದಿನಿಯೂ ಹಿಂದೆಯೇ ಇಳಿದು ಬಂದಳು.

ಮನೆಯಾಕೆ ಅಡುಗೆಮನೆಯ ಒಲೆಯ ಮುಂದಿದ್ದರು. "ಇವತ್ತಿನ ಎರಡನೇ ಡಬ್ಬಿ..." ಎಂದೆ. "ಅದು ಒಲೆಯ ಬೂದಿಯಲ್ಲ. ನನ್ನ ಗಂಡ."

ಆಕೆಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಕೈಯಲ್ಲಿದ್ದ ಚಮಚವನ್ನು ಮೆಲ್ಲಗೆ ಕೆಳಗಿಟ್ಟು, ನೆಲದ ಮೇಲೆ ಕುಳಿತುಬಿಟ್ಟರು.

"ಬೆಳ್ಳಗಿತ್ತು," ಎಂದರು. "ಇಷ್ಟು ನುಣುಪು ಬೂದಿ ಯಾವ ಕಟ್ಟಿಗೆಯದು ಅಂದುಕೊಂಡೆ. ಮುದಿ ಬೆಕ್ಕಿನ ಪಾದ ಒಡೆದಿದೆ. ಅದಕ್ಕೆ ಮೆತ್ತಗಿರಲಿ ಅಂತ ಪೂರ್ತಿ ಅದರ ತಟ್ಟೆಗೇ ಹಾಕಿದೆ."

"ಚೂರುಗಳಿದ್ದವಲ್ಲ?"

ಆಕೆ ಮುಖ ಮುಚ್ಚಿಕೊಂಡರು. "ಆರಿಸಿ ತೆಗೆದೆ. ಚುಚ್ಚಬಾರದು ಅಂತ. ಗುಲಾಬಿ ಬುಡದಲ್ಲಿವೆ."

ಮಾಡಿದ್ದೆಲ್ಲ ಪ್ರೀತಿಯಿಂದ ಮಾಡಿದ್ದು. ಅದಕ್ಕೇ ನನಗೆ ಅರಚಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

"ಏನಂತಾಳೆ ಅವಳು?" ಎಂದಳು ನಾದಿನಿ. ಹೇಳಿದೆ. ಅವಳು ಹಿತ್ತಿಲಿಗೆ ಇಳಿದು, ಸೆರಗು ಸಿಕ್ಕಿಸಿ, ಗುಲಾಬಿಯ ಬುಡದಲ್ಲಿ ಮಂಡಿಯೂರಿದಳು.

ಮೂರನೆಯ ತಟ್ಟೆ ಸಾಲಿನ ಕೊನೆಗೆ, ಗೋಡೆಯ ಮರೆಯಲ್ಲಿತ್ತು. ಅದರಲ್ಲಿ ಕಣ್ಣು ಕಾಣದ ಬೂದು ಬೆಕ್ಕು ಮುದುಡಿ ಮಲಗಿತ್ತು. ಮೀಸೆಯ ಮೇಲೆ, ಕಿವಿಯೊಳಗೆ, ಬೆನ್ನಿನ ಉದ್ದಕ್ಕೂ ಬಿಳಿಪುಡಿ. ಉಸಿರಾಡಿದಾಗೆಲ್ಲ ಒಂದಿಷ್ಟು ಏಳುತ್ತಿತ್ತು. ತಟ್ಟೆಯ ಒಂದು ಮೂಲೆ ಒದ್ದೆಯಾಗಿತ್ತು.

ನಾನು ನೋಡುತ್ತಲೇ ಇದ್ದೆ. ಎಷ್ಟು ಹೊತ್ತೋ.

ಮನೆಯಾಕೆ ನೆಲದ ಮೇಲೆ ಬಿಳಿ ಮೇಜುಬಟ್ಟೆ ಹಾಸಿದರು. ಬೆಕ್ಕನ್ನು ಎತ್ತಿ ಅದರ ಮೇಲಿಟ್ಟು, ಮಗುವಿನ ತಲೆ ಬಾಚುವಂಥ ಮೃದುವಾದ ಬ್ರಷ್ಷಿನಿಂದ ರೋಮ ರೋಮದ ಬೂದಿಯನ್ನೂ ಉದುರಿಸತೊಡಗಿದರು. ಬೆಕ್ಕು ಗುರುಗುಟ್ಟುತ್ತ ಮೈ ಒಡ್ಡಿತು. ನಾನು ಊಟದ ಚಮಚದಲ್ಲಿ ತಟ್ಟೆಯ ಒಣ ಭಾಗವನ್ನು ಮೊಗೆದೆ. ಚಮಚ ತಟ್ಟೆಗೆ ಬಡಿದು ಟಣಟಣ ಎನ್ನುತ್ತಿತ್ತು.

"ಆ ಮೂಲೆ?" ಎಂದು ಆಕೆ ಪಿಸುಗುಟ್ಟಿದರು.

"ಗುಲಾಬಿಗೇ ಹಾಕಿಬಿಡಿ."

ನಾದಿನಿ ಮಣ್ಣಾದ ಅಂಗೈಯಲ್ಲಿ ಹನ್ನೊಂದು ಚೂರು ತಂದಳು. ಅದರಲ್ಲಿ ಎರಡು ಬರೀ ಕಲ್ಲು ಎಂದು ನನಗೆ ಅನುಮಾನ. ಹೇಳಲಿಲ್ಲ. ಮನೆಯಾಕೆ ಬಿಸಿನೀರು ತಂದು ಅವಳ ಉಗುರಿನ ಸಂದಿಯ ಮಣ್ಣು ತೊಳೆದರು. ನಾದಿನಿ ಬೇರೆಡೆ ಮುಖ ತಿರುಗಿಸಿಕೊಂಡಿದ್ದಳು, ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ದೋಣಿಯವನು ಗಡಿಯಾರ ನೋಡುತ್ತ ನಿಂತಿದ್ದ. ದೋಣಿ ಬಂದರು ದಾಟಿತು. ಡಬ್ಬಿ ನನ್ನ ಮಡಿಲಲ್ಲಿತ್ತು. ಬರುವಾಗ ತುಂಬಿದ್ದದ್ದು ಈಗ ಅರ್ಧಕ್ಕೆ ಇಳಿದಿತ್ತು. ಬೂದಿಯ ನಡುವೆ ಬೂದು ಬಣ್ಣದ ರೋಮ.

"ಅತ್ತಿಗೆ, ಹೊರಗಿಟ್ಟಿದ್ದು ನಾನು."

"ಹೇಳದೆ ಇದ್ದಿದ್ದು ನಾನು."

"ಬೆಕ್ಕು ಅಡ್ಡ ಬಂದರೇ ಹೊರಡದವನು..." ಎಂದಳು ಅವಳು. ನಗು ಬಂದಿತ್ತೋ ಅಳುವೋ, ಇಬ್ಬರಿಗೂ ಗೊತ್ತಾಗಲಿಲ್ಲ.

ಡಬ್ಬಿ ಬಗ್ಗಿಸಿದೆವು. ತಳದಲ್ಲಿ ಉಳಿದದ್ದನ್ನು ನಾನು ಮುಷ್ಟಿಯಲ್ಲಿ ತೆಗೆದು ನೀರಿನ ಮೇಲೆ ಚಾಚಿದೆ. ಮುಷ್ಟಿ ಬಿಚ್ಚಲಿಲ್ಲ. ಬಿಡಬೇಕೆಂದು ನನಗೆ ಗೊತ್ತಿತ್ತು, ಬೆರಳುಗಳಿಗೆ ಗೊತ್ತಿರಲಿಲ್ಲ. ಬೆಳಗಿನಿಂದ ಹೀಗೇ ಬಿಗಿದುಕೊಂಡಿದ್ದವೇನೋ.

ನಾದಿನಿ ಪಕ್ಕಕ್ಕೆ ಸರಿದು ಕುಳಿತಳು. ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಕಿರುಬೆರಳಿನಿಂದ ಶುರುಮಾಡಿ, ಒಂದೊಂದಾಗಿ ಬಿಡಿಸಿದಳು.