ಸೊಸೆಯ ಕೈಗುಣ

ನನಗೆ ನನ್ನ ಸೊಸೆಯನ್ನು ಕಂಡರೆ ಆಗುತ್ತಿರಲಿಲ್ಲ. ಮುಚ್ಚಿಟ್ಟು ಏನಾಗಬೇಕು? ಹೆಸರು ಗಿರಿಜಾಂಬಾ, ಕಡೂರು ಕಡೆಯವಳು. ಬಯಲುಸೀಮೆಯವರಿಗೆ ಸೊಪ್ಪಿಲ್ಲದೆ ತುತ್ತು ಇಳಿಯುವುದಿಲ್ಲ. ಅದು ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಾ ನಮ್ಮ ಬಣಕಲ್ ತಲುಪುವಷ್ಟರಲ್ಲಿ ಚಿಕ್ಕಮಗಳೂರಿನ ಕೊತ್ತಂಬರಿ ಸೊಪ್ಪು ಹಳದಿಯಾಗಿರುತ್ತಿತ್ತು.

"ಮನೇಲೇ ಬೆಳೀಬಹುದಲ್ಲ ಅತ್ತೆ" ಎಂದಳು ಒಂದು ದಿನ.

ಮದುವೆಯಾಗಿ ಐದು ವರ್ಷ, ಹೊಟ್ಟೆಯಲ್ಲಿ ಒಂದು ಹುಳ ಹುಟ್ಟಿಲ್ಲ. ಹಿತ್ತಿಲಲ್ಲಿ ಬೆಳೆಯುತ್ತಾಳಂತೆ!

ನನಗಿರುವವನು ಮಲ್ಲಿಕಾರ್ಜುನಪ್ಪ ಒಬ್ಬನೇ. ಅವನಪ್ಪ ಹೋದ ಮೇಲೆ ಅಂಗಡಿಯನ್ನೂ ಅವನನ್ನೂ ನಾನೇ ಎತ್ತಿ ನಿಲ್ಲಿಸಿದವಳು. ಹದಿನೇಳಕ್ಕೆ ಅವನಿಗೆ ಮಂಗನಬಾವು ಬಂದು ಕೆನ್ನೆ ಊದಿ ಮಲಗಿದಾಗ ಹದಿನೈದು ದಿನ ಪಕ್ಕ ಬಿಟ್ಟು ಏಳಲಿಲ್ಲ. ಅಂಥವನ ವಂಶ ಇವಳಿಂದ ನಿಂತುಹೋಗಬೇಕೆ? ವಸ್ತಾರೆಯಲ್ಲಿ ಇನ್ನೊಂದು ಹುಡುಗಿಯನ್ನು ನೋಡಿಟ್ಟಿದ್ದೆ. ನಮ್ಮ ಮನೆತನದ ಅಯ್ಯನವರು ಗುರುವಯ್ಯ ಒಂದು ಮಾತು ಒಪ್ಪಿದರೆ ಇವಳನ್ನು ತವರಿಗೆ ಅಟ್ಟುವುದು ಎಂದು ತೀರ್ಮಾನಿಸಿದ್ದೆ.

ಅಮಾವಾಸ್ಯೆಯ ದಿನ ಅಯ್ಯನವರು ಬಂದರು. ಆದರೆ ಮೆತ್ತಗಿನ ಮನುಷ್ಯ, ತಲೆ ಕೆರೆದುಕೊಂಡರು. ಮಗನಂತೂ ನೆಲ ನೋಡುತ್ತಾ ಕೂತಿದ್ದ. ಆಗ ನಾನೇ ಹೇಳಿದೆ:

"ಅಯ್ನೋರೇ, ಇವಳ ಕೈಗುಣ ಒಂದ್ಸಲ ನೋಡೇಬಿಡಣ. ಕೊತ್ತಂಬರಿ ಹಾಕ್ತೀನಿ ಅಂತಾಳೆ. ಹಾಕ್ಲಿ. ಮುಂದಿನ ಅಮಾಸೆಗೆ ನೀವು ಬರೋ ಹೊತ್ತಿಗೆ ಪಾತೀಲಿ ಹುಟ್ಟಿದ್ರೆ ವಸ್ತಾರೆ ಮಾತು ನಾನು ಎತ್ತಲ್ಲ. ಹುಟ್ಟದಿದ್ರೆ ಇವಳು ಗಂಟು ಕಟ್ಟಬೇಕು."

"ಆಗ್ಲಿ" ಎಂದಳು ಗಿರಿಜಾಂಬಾ, ಅಯ್ಯನವರು ಬಾಯಿ ಬಿಡುವ ಮೊದಲೇ. ಆ ಸೊಕ್ಕು ನೋಡಿ ಮೈ ಉರಿದುಹೋಯಿತು.

ಬೀಜ ಅವಳ ತವರಿನದು, ಚಿಕ್ಕ ಬಟ್ಟೆಯ ಗಂಟಿನಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದಳು. ಅವಳು ನೀರಿಗೆ ಹೋದಾಗ ಇಳಿಸಿದೆ. ಸಣ್ಣ ಉರಿಯಲ್ಲಿ, ಬಣ್ಣ ಕೆಡದ ಹಾಗೆ ಹುರಿದೆ. ನಲವತ್ತು ವರ್ಷ ಸಾರಿನಪುಡಿ ಮಾಡಿದ ಕೈ ಇದು, ಎಲ್ಲಿ ನಿಲ್ಲಿಸಬೇಕೆಂದು ಗೊತ್ತು. ಆರಿಸಿ ಅದೇ ಗಂಟು ಕಟ್ಟಿಟ್ಟೆ. ಪಾಪ ಅನ್ನಿಸಿತೇ ಎಂದು ಕೇಳಬೇಡಿ, ಅನ್ನಿಸಲಿಲ್ಲ.

ಮಾರನೆಯ ದಿನ ಅವಳು ಗೋಣಿತಾಟಿನ ಮೇಲೆ ಬೀಜ ಹರವಿ ಕಾಲಿನಿಂದ ಉಜ್ಜತೊಡಗಿದಳು. ಕೊತ್ತಂಬರಿಯ ಬೀಜ ಎರಡು ಹೋಳಾಗದೆ ಚೆನ್ನಾಗಿ ಹುಟ್ಟುವುದಿಲ್ಲವಂತೆ.

"ತಿನ್ನೋ ಪದಾರ್ಥನ ತುಳೀತೀಯಲ್ಲೇ ದರಿದ್ರದೋಳೇ!" ಎಂದು ಕೂಗಿದೆ.

ಅವಳ ಕಾಲು ನಿಂತಿತು. ಬಗ್ಗಿ ಒಂದು ಚಿಟಿಕೆ ಎತ್ತಿ ಮೂಗಿನ ಹತ್ತಿರ ಹಿಡಿದಳು. ಅವಳು ಅಡುಗೆಮನೆಯ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಒಂದು ಹಿಡಿ ಬೀಜ ಸೆರಗಿಗೆ ಕಟ್ಟಿಕೊಂಡು, ಉಳಿದದ್ದನ್ನು ಪಾತಿಗೆ ಉದುರಿಸಿ ಮಣ್ಣು ಎಳೆದಳು. ಪೆದ್ದಿ, ಗೊತ್ತಾಗಲಿಲ್ಲ ಎಂದುಕೊಂಡೆ.

ದಿನಾ ಬೆಳಿಗ್ಗೆ ಆ ಪಾತಿಗೆ ನೀರು ಚಿಮುಕಿಸುತ್ತಿದ್ದಳು. ನಾನು ದಿನಾ ಹೋಗಿ ನೋಡುತ್ತಿದ್ದೆ. ಬರೀ ಮಣ್ಣು. "ಹುಟ್ತೇನೇ?" ಎಂದರೆ, "ನೋಡಣ ಅತ್ತೆ" ಎನ್ನುತ್ತಿದ್ದಳು. ಆ ತಿಂಗಳು ನನಗೆ ಊಟ ರುಚಿಸಿತು. ಅಂಗಡಿಗೆ ಬಂದವರಿಗೆಲ್ಲ ಹೇಳಿದೆ, ಇವಳ ಕೈ ಮುಟ್ಟಿದರೆ ಗರಿಕೆಯೂ ಒಣಗುತ್ತದೆ ಎಂದು.

ಅಮಾವಾಸ್ಯೆ ಬಂತು, ಅಯ್ಯನವರೂ ಬಂದರು. ಮಗನನ್ನು ಅಂಗಡಿಯಿಂದ ಎಬ್ಬಿಸಿ ಕರೆತಂದೆ. ಎಲ್ಲರೂ ಹಿತ್ತಿಲಿಗೆ ಹೋದೆವು. ಪಾತಿ ಬೋಳು ತಲೆಯ ಹಾಗಿತ್ತು.

"ಕಂಡ್ರಲ್ಲ ಅಯ್ನೋರೇ? ಬಂಜರು ಅಂದ್ರೆ ಇದು!"

ಗಿರಿಜಾಂಬಾ ಸೆರಗಿನ ಗಂಟು ಬಿಚ್ಚಿ ಬೀಜವನ್ನು ಅವರ ಕೈಗೆ ಹಾಕಿದಳು. "ಇದು ಆವತ್ತು ಹಾಕಿದ್ದರಲ್ಲೇ ಉಳಿಸಿದ್ದು. ಸ್ವಲ್ಪ ಅಗಿದು ನೋಡಿ ಅಯ್ನೋರೇ."

ಅವರು ಅಗಿದರು. ನನ್ನನ್ನು ನೋಡಿದರು. "ಹುರಿದದ್ದು" ಎಂದರು.

ಅವಳು ಬೇಲಿಯಾಚೆಗೆ ಕೂಗಿದಳು. ಪಕ್ಕದ ಮನೆಯ ಮರಿಯಂ ಒಂದು ಒಡಕು ಮಡಕೆ ಎತ್ತಿ ಈಚೆ ಕೊಟ್ಟಳು. ಅದರ ತುಂಬ ನಾಲ್ಕು ಬೆರಳೆತ್ತರದ ಹಸಿರು ಕೊತ್ತಂಬರಿ.

"ಈ ಪಾತೀದೇ ಮಣ್ಣು ತುಂಬಿದ್ದೆ. ಬೀಜ ಮರಿಯಂದು. ಬಿತ್ತಿದ್ದು, ನೀರು ಹಾಕಿದ್ದು ನಾನೇ" ಎಂದಳು ಗಿರಿಜಾಂಬಾ. "ನೆಲದ್ದು ತಪ್ಪಿಲ್ಲ ಅಯ್ನೋರೇ. ಕೈದೂ ತಪ್ಪಿಲ್ಲ. ಬೀಜ ಸತ್ತಿತ್ತು."

ಅವಳು ಕೊತ್ತಂಬರಿಯ ಮಾತೇ ಆಡಿದಳೋ ಏನೋ. ಆದರೆ ಅಯ್ಯನವರು ಮೆಲ್ಲಗೆ ನನ್ನ ಮಗನ ಕಡೆ ತಿರುಗಿದರು. ಬೇಲಿಯಾಚೆ ಮರಿಯಂ ಕೂಡ ಅವನನ್ನೇ ನೋಡಿ, ತಲೆ ತಗ್ಗಿಸಿಕೊಂಡು ಹೊರಟುಹೋದಳು. ನಾನೂ ನೋಡಿದೆ. ಅವನು ಹದಿನೇಳರವನಿದ್ದಾಗ ಮದ್ದು ಕೊಟ್ಟ ಮೂಡಿಗೆರೆಯ ಪಂಡಿತರು ಹೊಸಿಲು ದಾಟುತ್ತಾ ಆಡಿದ್ದ ಮಾತು ನೆನಪಾಯಿತು: "ಬಾವು ಕೆಳಕ್ಕಿಳಿದಿದೆ ತಾಯಿ, ಮುಂದೆ ಸಂತಾನದ್ದು ಹೇಳೋಕಾಗಲ್ಲ." ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ.

"ಬಾಯಿ ಮುಚ್ಚೇ!" ಎಂದು ಅವಳ ಮೇಲೆ ಕೈ ಎತ್ತಿದೆ.

ಮಗ ನನ್ನ ಕೈ ಹಿಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ.

"ಬಿಡವ್ವ. ಪಂಡಿತರು ಅಂದಿದ್ದು ನನಗೂ ಕೇಳಿಸಿತ್ತು."

ಹೆಣ್ಣು ಬೇಡವೆಂದು ವಸ್ತಾರೆಗೆ ತಾವೇ ಹೇಳಿ ಕಳಿಸುವುದಾಗಿ ಅಯ್ಯನವರು ಅಂದರು. ಆ ಮಧ್ಯಾಹ್ನ ಗಿರಿಜಾಂಬಾ ಮಡಕೆಯ ಎಳೆ ಸೊಪ್ಪು ಚಿವುಟಿ ಸಾರಿಗೆ ಹಾಕಿ, ನನಗೇ ಮೊದಲು ಬಡಿಸಿದಳು. ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಆ ಘಮಕ್ಕೂ ನನಗೆ ಸಿಟ್ಟು ಬಂತು. ತಟ್ಟೆ ತಳ್ಳಬೇಕೆಂದುಕೊಂಡೆ. ಎದುರಿಗೆ ಮಗ ತಲೆ ಎತ್ತದೆ ಉಣ್ಣುತ್ತಿದ್ದ. ಸುಮ್ಮನೆ ಕಲೆಸಿಕೊಂಡು ಉಂಡೆ.